ಹೊಸ ಮೊಬೈಲ್ ಕೊಳ್ಳುವ ಮುನ್ನ ಬ್ಯಾಟರಿ ನೋಡಿ

ಚಾರ್ಜ್ ನಿಲ್ಲುತ್ತಿಲ್ಲ ಎಂದೊಡನೆ ಹೊಸ ಮೊಬೈಲ್ ಹುಡುಕಬೇಡಿ. ಬಹಳ ಸಲ ಸೋತಿರುವುದು ಬ್ಯಾಟರಿ ಮಾತ್ರ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿಯ ಸಾಮರ್ಥ್ಯ ತೋರಿಸುವ ಸೌಲಭ್ಯವಿದ್ದರೆ ನೋಡಿ, ಅದು ಹೊಸದಿದ್ದಾಗಿನ ಸಾಮರ್ಥ್ಯದ ಶೇ. 80ಕ್ಕಿಂತ ಕೆಳಗಿಳಿದಿದ್ದರೆ ಬ್ಯಾಟರಿಯನ್ನಷ್ಟೇ ಬದಲಾಯಿಸಿ. ಮೊಬೈಲ್‌ನಿಂದಾಗುವ ಇಂಗಾಲದ ಹೊರೆಯಲ್ಲಿ (ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಪ್ರಮಾಣದಲ್ಲಿ) ಹೆಚ್ಚಿನ ಪಾಲು ಬಳಕೆಯದಲ್ಲ, ತಯಾರಿಕೆಯದು. ಆದ್ದರಿಂದ ಇರುವುದನ್ನೇ ಇನ್ನೆರಡು ವರ್ಷ ಬಳಸುವುದು ದೊಡ್ಡ ಉಳಿತಾಯ. (ಕ್ಯಾಮೆರಾ ಆಸೆಗೆ ಮೊಬೈಲ್ ಬದಲಿಸುವವರಿಗೆ ಈ ಮಾತು ರುಚಿಸದು, ಇರಲಿ.)

ಆದರೆ ಬ್ಯಾಟರಿ ಉಬ್ಬಿದ್ದರೆ ತಡಮಾಡದೆ ದುರಸ್ತಿ ಮಾಡುವವರಿಂದ ತೆಗೆಸಿ. ಚಾರ್ಜ್ ಮಾಡಬೇಡಿ, ಒತ್ತಬೇಡಿ, ನೀವೇ ಬಿಚ್ಚಲು ಹೋಗಬೇಡಿ. ತೆಗೆಸಿದ ಹಳೆಯ ಬ್ಯಾಟರಿಯನ್ನು ಮನೆಯ ಕಸದೊಂದಿಗೆ ಹಾಕಲೇಬೇಡಿ. ಕಸದ ಲಾರಿಯಲ್ಲಿ ಜಜ್ಜಿಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ತುದಿಗಳಿಗೆ ಟೇಪ್ ಅಂಟಿಸಿ ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಿ. ಅದರೊಳಗಿನ ಕೋಬಾಲ್ಟ್, ತಾಮ್ರಗಳನ್ನು ಬೇರ್ಪಡಿಸಿ ಮತ್ತೆ ಬಳಸಲು ಸಾಧ್ಯವಿದೆ.