ಮುತ್ತಾತನ ಹೆಸರು ಬೇಕಾ? ವಿಭಾಗ ಪತ್ರ ನೋಡಿ

ಮನೆತನದ ಹಳೇ ತಲೆಮಾರು ಹುಡುಕುವವರು ಬರೀ ವಿಲ್ ಹಿಂದೆ ಬೀಳಬೇಡಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ಹಳೇ ವಿಭಾಗ ಪತ್ರದ (ಮನೆಯವರು ಆಸ್ತಿ ಪಾಲು ಮಾಡಿಕೊಂಡ ಪತ್ರ) ನಕಲು ತೆಗೆಸಿ. ವಿಲ್‌ನಲ್ಲಿ ಆಸ್ತಿ ಸಿಕ್ಕವರ ಹೆಸರಷ್ಟೇ ಇರಬಹುದು, ಆದರೆ ಪಾಲಾಗುವಾಗ ಅಣ್ಣತಮ್ಮಂದಿರೆಲ್ಲ ತಂದೆಯ ಹೆಸರಿನ ಸಮೇತ ಸಾಲಾಗಿ ಬರುತ್ತಾರೆ, ಚಕ್ಕುಬಂದಿ (ಜಮೀನಿನ ನಾಲ್ಕೂ ಗಡಿಯ ವಿವರ) ಓದಿದರೆ ಎಷ್ಟೋ ಸಲ ಪಕ್ಕದ ಜಮೀನಿನ ದಾಯಾದಿಗಳೂ ಸಿಗುತ್ತಾರೆ. ವಿಲ್ಲೇ ಬೇಕು ಅಂದರೆ ಇಸಿಯಲ್ಲಿ (ಆಸ್ತಿಯ ಋಣಭಾರ ಪತ್ರ) ಹುಡುಕಬೇಡಿ, ಅಲ್ಲಿ ಬರುವುದಿಲ್ಲ. ನೋಂದಣಿಯಾದ ವಿಲ್ ಕಚೇರಿಯ 3ನೇ ನೋಂದಣಿ ಪುಸ್ತಕದಲ್ಲಿರುತ್ತದೆ, ಬರೆದವರು ತೀರಿಕೊಂಡ ಮೇಲೆ ಯಾರು ಬೇಕಾದರೂ ಅರ್ಜಿ ಹಾಕಿ ನಕಲು ಪಡೆಯಬಹುದು (ಸುಮ್ನೆ ವಾಪಸ್ ಕಳಿಸಿದರೆ 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ತೋರಿಸಿ). ಬಾಯಿಮಾತಿನಲ್ಲೇ ಪಾಲಾದ ಮನೆಗಳಲ್ಲಿ ವಿಭಾಗ ಪತ್ರದ ದಾರಿ ಕೈಕೊಡುತ್ತದೆ. ಹಳೇ ಪತ್ರಗಳಲ್ಲಿ ಹೆಣ್ಣುಮಕ್ಕಳ ಹೆಸರೂ ಕಮ್ಮಿಯೇ.