ಟ್ರಾಮ್ ಪ್ರಯಾಣಿಕರ ಸುರಕ್ಷತೆ: ಎಲ್ಲಿಂದ ಶುರು ಮಾಡಬೇಕು, ಏನನ್ನು ಅಳೆಯಬೇಕು

ಟ್ರಾಮ್ ಓಡುವುದು ರೈಲಿನ ಹಾಗೆ ಹಳಿಯ ಮೇಲೆ, ಆದರೆ ಅದನ್ನು ಓಡಿಸುವುದು ಬಸ್ಸಿನ ಹಾಗೆ, ಚಾಲಕನ ಕಣ್ಣಳತೆಯ ಮೇಲೆ. ಮುಂದೆ ಎಷ್ಟು ದೂರ ಕಾಣುತ್ತದೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲಿ ಹೋಗಬೇಕು ಎಂಬುದೇ ಮೂಲ ನಿಯಮ. ಊರೊಳಗಿನ ರಸ್ತೆಯಲ್ಲಿ ಇದು ಸಾಕಾಗುತ್ತದೆ. ಹಳೆಯ ರೈಲು ಮಾರ್ಗವನ್ನೇ ಟ್ರಾಮಿಗೆ ಬಿಟ್ಟುಕೊಟ್ಟು, ಅದರ ಕೊನೆಯಲ್ಲೊಂದು ಬಿಗಿ ತಿರುವು ಇಟ್ಟಾಗ ಸಾಕಾಗುವುದಿಲ್ಲ.

ಲಂಡನ್ನಿನ ಕ್ರಾಯ್ಡನ್‌ನಲ್ಲಿ 2016ರ ನವೆಂಬರ್ 9ರ ಬೆಳಗಿನ ಜಾವ ಆದದ್ದು ಇದೇ. ಸ್ಯಾಂಡಿಲ್ಯಾಂಡ್ಸ್ ತಿರುವಿನ ವೇಗಮಿತಿ ಗಂಟೆಗೆ 20 ಕಿ.ಮೀ. ಅದಕ್ಕೆ ಮೊದಲಿನ ನೇರ ಹಾದಿಯಲ್ಲಿ 80 ಕಿ.ಮೀ.ಗೆ ಅನುಮತಿಯಿತ್ತು. ಟ್ರಾಮ್ ತಿರುವಿಗೆ ಬಂದದ್ದು 73 ಕಿ.ಮೀ. ವೇಗದಲ್ಲಿ. ಅದು ಪಕ್ಕಕ್ಕೆ ಉರುಳಿ 7 ಜನ ತೀರಿಕೊಂಡರು, 60ಕ್ಕೂ ಹೆಚ್ಚು ಜನ ಗಾಯಗೊಂಡರು. ಕತ್ತಲು, ಮಳೆ, ಸಾಲಾಗಿ ಮೂರು ಸುರಂಗ. ಚಾಲಕ ಕ್ಷಣಕಾಲ ತೂಕಡಿಸಿ ಎಲ್ಲಿದ್ದೇನೆಂಬ ಅರಿವು ತಪ್ಪಿರಬೇಕು ಎಂದು ಬ್ರಿಟನ್ನಿನ ರೈಲು ಅಪಘಾತ ತನಿಖಾ ವಿಭಾಗ ಹೇಳಿತು. ಅವರ 2017ರ ವರದಿಯಲ್ಲಿ 15 ಶಿಫಾರಸುಗಳಿವೆ. ಟ್ರಾಮ್ ಸುರಕ್ಷತೆಯ ಕೆಲಸಕ್ಕೆ ಕೈಹಾಕುವವರು ಈ ಪ್ರಕರಣದಿಂದಲೇ ಶುರು ಮಾಡಬೇಕು. ಮನುಷ್ಯನ ಎಚ್ಚರವೊಂದನ್ನೇ ನಂಬಿದ ಜಾಲದಲ್ಲಿ ಎಲ್ಲೆಲ್ಲಿ ಬಿರುಕಿರುತ್ತದೆ ಎಂಬುದು ಇಲ್ಲಿ ಒಂದೊಂದಾಗಿ ಬಯಲಾಗಿದೆ.

ಮೊದಲ ಕೆಲಸ: ತಿರುವುಗಳ ಲೆಕ್ಕ

ಜಾಲದ ಪ್ರತಿ ತಿರುವಿಗೂ ಮೂರು ಅಂಕಿ ಬರೆದಿಡಿ: ತ್ರಿಜ್ಯ, ತಿರುವಿನ ವೇಗಮಿತಿ, ಅದಕ್ಕೆ ಮೊದಲಿನ ಹಾದಿಯ ವೇಗಮಿತಿ. ವೇಗವನ್ನು ಸೆಕೆಂಡಿಗೆ ಮೀಟರ್ ಲೆಕ್ಕಕ್ಕೆ ತಂದು (3.6ರಿಂದ ಭಾಗಿಸಿ), ವರ್ಗ ಮಾಡಿ, ತ್ರಿಜ್ಯದಿಂದ ಭಾಗಿಸಿದರೆ ಪಕ್ಕಕ್ಕೆ ಎಳೆಯುವ ವೇಗೋತ್ಕರ್ಷ ಸಿಗುತ್ತದೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ 20 ಕಿ.ಮೀ. ವೇಗಕ್ಕೆ ಇದು ಸುಮಾರು 1 ಮೀ/ಸೆ². ನಿಂತವರು ಕಂಬಿ ಹಿಡಿದುಕೊಂಡು ತಡೆದುಕೊಳ್ಳಬಲ್ಲಷ್ಟು. ಅದೇ ತಿರುವಿನಲ್ಲಿ 73 ಕಿ.ಮೀ.ಗೆ ಅದು 13.7 ಮೀ/ಸೆ², ಅಂದರೆ ಗುರುತ್ವಕ್ಕಿಂತಲೂ ಹೆಚ್ಚು. ಯಾವ ಟ್ರಾಮೂ ಆಗ ಹಳಿಯ ಮೇಲೆ ನಿಲ್ಲದು. ಹಿಂದಿನ ಹಾದಿಯ ಪೂರ್ಣ ವೇಗದಲ್ಲೇ ತಿರುವಿಗೆ ನುಗ್ಗಿದರೆ ಏನಾಗುತ್ತದೆ ಎಂದು ಪ್ರತಿ ತಿರುವಿಗೂ ಹೀಗೆ ಲೆಕ್ಕ ಹಾಕಿ, ಉರುಳುವ ಸಾಧ್ಯತೆ ಇರುವವನ್ನು ಬೇರೆ ಪಟ್ಟಿ ಮಾಡಿ. ಸಾಮಾನ್ಯವಾಗಿ ಆ ಪಟ್ಟಿ ಚಿಕ್ಕದು. ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಮುಂದಿನದು ಬ್ರೇಕಿನ ದೂರ. ಎರಡೂ ವೇಗಗಳ ವರ್ಗಗಳ ವ್ಯತ್ಯಾಸವನ್ನು ಬ್ರೇಕ್ ಬಲದ ಎರಡರಷ್ಟರಿಂದ ಭಾಗಿಸಬೇಕು. ದಿನನಿತ್ಯದ ಪೂರ್ಣ ಬ್ರೇಕ್ 1.3 ಮೀ/ಸೆ² ಎಂದಿಟ್ಟುಕೊಂಡರೆ 80ರಿಂದ 20ಕ್ಕೆ ಇಳಿಯಲು ಸುಮಾರು 178 ಮೀಟರ್ ಬೇಕು. ಚಾಲಕ ಪ್ರತಿಕ್ರಿಯಿಸಲು 2 ಸೆಕೆಂಡ್ ಕೊಟ್ಟರೆ ಇನ್ನೂ 44 ಮೀಟರ್. ಹಳಿ ಒದ್ದೆಯಾಗಿ ಬ್ರೇಕ್ ಬಲ 1.0ಕ್ಕೆ ಇಳಿದರೆ ಒಟ್ಟು 275 ಮೀಟರ್ ದಾಟುತ್ತದೆ. ಕ್ರಾಯ್ಡನ್‌ನಲ್ಲಿ 20ರ ಫಲಕವಿದ್ದದ್ದು ತಿರುವಿನ ಬಾಯಲ್ಲಿ. ಅದು ಚಾಲಕನ ಕಣ್ಣಿಗೆ ಬೀಳುವ ಹೊತ್ತಿಗೆ ಬ್ರೇಕ್ ಹಾಕಬೇಕಾದ ಜಾಗ ಹಿಂದೆ ಸರಿದಿರುತ್ತಿತ್ತು.

ಆದ್ದರಿಂದ ವೇಗಮಿತಿಯನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ. ಮೇಲಿನ ಅಂಕಿಗಳಿಗೇ ಪ್ರತಿ ಹಂತದಲ್ಲೂ 2 ಸೆಕೆಂಡ್ ಅಂತರ ಸೇರಿಸಿದರೆ ಹೀಗೆ ಬರುತ್ತದೆ: ತಿರುವಿಗೆ 60 ಮೀಟರ್ ಮೊದಲು 40ರ ಫಲಕ, 150 ಮೀಟರ್ ಮೊದಲು 60ರ ಫಲಕ, 280 ಮೀಟರ್ ಮೊದಲು ಮುನ್ನೆಚ್ಚರಿಕೆಯ ಫಲಕ. ಇಳಿಜಾರಿದ್ದರೆ, ಮರದೆಲೆ ಬೀಳುವ ಜಾಗವಾಗಿದ್ದರೆ ಇನ್ನೂ ಹಿಂದಕ್ಕೆ ಸರಿಸಿ. ಫಲಕವನ್ನು ದಾಟುವಾಗ ಆ ವೇಗಕ್ಕೆ ಇಳಿದಾಗಿರಬೇಕು, ಅಲ್ಲಿಂದ ಇಳಿಯಲು ಶುರು ಮಾಡುವುದಲ್ಲ ಎಂಬುದು ನಿಯಮಾವಳಿಯಲ್ಲಿ ಸ್ಪಷ್ಟವಾಗಿರಲಿ. ತಿರುವಿನ ಹೊರಮಗ್ಗುಲಿಗೆ ಬೆಳಕು ಬಿದ್ದರೆ ಹೊಳೆಯುವ ಬಾಣದ ಗುರುತಿನ ಹಲಗೆಗಳನ್ನು ನೆಡಿ. ಅಪಘಾತದ ನಂತರ ಕ್ರಾಯ್ಡನ್‌ನಲ್ಲೂ ಹಾಕಿದರು, ಗರಿಷ್ಠ ವೇಗವನ್ನು 80ರಿಂದ 70ಕ್ಕೂ ಇಳಿಸಿದರು. ಫಲಕ ನೆಟ್ಟಾದ ಮೇಲೆ ರಾತ್ರಿ, ಮಳೆಯಲ್ಲಿ, ಚಾಲಕನ ಸೀಟಿನಲ್ಲೇ ಕೂತು ನೋಡಿ. ಹಗಲು ಹೊತ್ತಿನ ಪರೀಕ್ಷೆಯಿಂದ ಏನೂ ಗೊತ್ತಾಗುವುದಿಲ್ಲ.

ತಾನಾಗಿ ಬೀಳುವ ಬ್ರೇಕ್

ಫಲಕ ಎಷ್ಟೇ ಚೆನ್ನಾಗಿದ್ದರೂ ಕಣ್ಣು ಮುಚ್ಚಿದವನಿಗೆ ಕಾಣುವುದಿಲ್ಲ. ಉರುಳುವ ಅಪಾಯವಿರುವ ತಿರುವುಗಳಿಗೆ ಹಳಿಗಳ ನಡುವೆ ಸಂಕೇತ ಕೊಡುವ ಸಾಧನ ಕೂರಿಸಿ, ಟ್ರಾಮ್ ನಿಗದಿತ ವೇಗ ಮೀರಿದ್ದರೆ ಬ್ರೇಕ್ ತಾನಾಗಿ ಬೀಳುವಂತೆ ಮಾಡಬೇಕು. ಜಾಲಕ್ಕೆಲ್ಲ ಒಮ್ಮೆಲೇ ಹಾಕುವ ಅಗತ್ಯವಿಲ್ಲ.

ಇಲ್ಲಿ ಹೆಚ್ಚಾಗಿ ಎಡವುವುದು ಗಾಲಿಯ ಅಳತೆಯಲ್ಲಿ. ಟ್ರಾಮ್ ತನ್ನ ವೇಗವನ್ನು ಗಾಲಿ ಎಷ್ಟು ಸುತ್ತು ಸುತ್ತಿತು ಎಂಬುದರಿಂದ ಲೆಕ್ಕ ಹಾಕುತ್ತದೆ. ಸವೆದ ಗಾಲಿ ತೆಗೆದು ಹೊಸದು ಹಾಕಿದ ಮೇಲೆ ಕಂಪ್ಯೂಟರಿನಲ್ಲಿ ಹಳೆಯ ವ್ಯಾಸವೇ ಉಳಿದಿದ್ದರೆ ವೇಗ ಕಡಿಮೆ ತೋರಿಸುತ್ತದೆ. 620 ಮಿ.ಮೀ. ಗಾಲಿಗೆ 560 ಎಂದು ನಮೂದಾಗಿದ್ದರೆ, ಟ್ರಾಮ್ 62ರಲ್ಲಿ ಓಡುತ್ತಿರುವಾಗ ಮೀಟರಿನಲ್ಲಿ ಕಾಣುವುದು 56. ಗಾಲಿ ಬದಲಿಸಿದ ದಿನವೇ, ಡಿಪೋದಿಂದ ಹೊರಬೀಳುವ ಮುನ್ನವೇ ವ್ಯಾಸ ನಮೂದಿಸಿ, ಇನ್ನೊಬ್ಬರಿಂದ ಪರಿಶೀಲಿಸಿ ಸಹಿ ಹಾಕಿಸಿ.

ಮರಳಿನ ಪೆಟ್ಟಿಗೆಯನ್ನೂ ಮರೆಯಬೇಡಿ. ಒದ್ದೆ ಹಳಿಯ ಮೇಲೆ ಗಾಲಿ ಜಾರಿದಾಗ ಹಿಡಿತ ಕೊಡುವುದು ಗಾಲಿಯ ಮುಂದೆ ಸುರಿಯುವ ಮರಳೇ. ತೇವ ಹಿಡಿದ ಮರಳು ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ, ಅಥವಾ ಕೊಳವೆಯ ಬಾಯಿ ವಾಲಿ ಮರಳು ಹಳಿಯ ಪಕ್ಕಕ್ಕೆ ಬೀಳುತ್ತದೆ. ಪ್ರತಿದಿನ ಡಿಪೋದಲ್ಲಿ ಗುಂಡಿ ಒತ್ತಿ, ಮರಳು ಹಳಿಯ ತಲೆಯ ಮೇಲೇ ಬಿತ್ತೇ ಎಂದು ಬಗ್ಗಿ ನೋಡಬೇಕು.

ಚಾಲಕನ ಎಚ್ಚರ

ಚಾಲಕ ಕುಸಿದರೆ ಟ್ರಾಮ್ ನಿಲ್ಲಲಿ ಎಂದು ಒತ್ತಿಹಿಡಿಯುವ ಹಿಡಿಕೆ ಇರುತ್ತದೆ. ತೂಕಡಿಸುವವನ ಕೈಭಾರವೇ ಅದನ್ನು ಒತ್ತಿಹಿಡಿಯಬಲ್ಲದು, ಹಾಗಾಗಿ ಅದು ನಿದ್ದೆಯನ್ನು ಪತ್ತೆಹಚ್ಚದು. ಕ್ರಾಯ್ಡನ್‌ನಲ್ಲಿ ಆಮೇಲೆ ಚಾಲಕನ ಕಣ್ಣು, ರೆಪ್ಪೆಗಳನ್ನು ಗಮನಿಸಿ ಸೀಟು ನಡುಗಿಸಿ ಎಚ್ಚರಿಸುವ ಸಾಧನ ಹಾಕಿದರು. ಸಾಧನಕ್ಕಿಂತ ಮೊದಲು ಪಾಳಿಪಟ್ಟಿ ತೆಗೆದು ನೋಡಿ: ನಸುಕಿನ ಪಾಳಿ ಸತತವಾಗಿ ಎಷ್ಟು ದಿನ ಬೀಳುತ್ತಿದೆ, ರಾತ್ರಿ ಪಾಳಿಯಿಂದ ನಸುಕಿನ ಪಾಳಿಗೆ ಬದಲಾಗುವಾಗ ನಡುವೆ ಎಷ್ಟು ಗಂಟೆ ವಿಶ್ರಾಂತಿ ಇದೆ.

ಶಿಕ್ಷೆಯ ಭಯವಿರುವ ಕಡೆ ಯಾರೂ ತಪ್ಪು ಹೇಳಿಕೊಳ್ಳುವುದಿಲ್ಲ. ತಡವಾಗಿ ಬ್ರೇಕ್ ಹಾಕಿದ್ದನ್ನು ವರದಿ ಮಾಡಲು ಕ್ರಾಯ್ಡನ್‌ನ ಕೆಲವು ಚಾಲಕರು ಹಿಂಜರಿದಿದ್ದರು. ಅಪಘಾತಕ್ಕೆ ಕೆಲವೇ ದಿನ ಮೊದಲು, ಅಕ್ಟೋಬರ್ 31ರಂದು, ಇನ್ನೊಂದು ಟ್ರಾಮ್ ಅದೇ ತಿರುವನ್ನು ಮಿತಿಮೀರಿದ ವೇಗದಲ್ಲಿ ದಾಟಿತ್ತು. ಪ್ರಯಾಣಿಕರ ದೂರಿದ್ದರೂ ಅದರ ತೂಕ ಸಕಾಲದಲ್ಲಿ ಅರಿವಾಗಲಿಲ್ಲ. ಆದ್ದರಿಂದ ದೂರು ಸ್ವೀಕರಿಸುವ ಸಿಬ್ಬಂದಿಗೆ ಒಂದು ಸರಳ ನಿಯಮ ಕೊಡಿ: ದೂರಿನಲ್ಲಿ ವೇಗ, ವಾಲಿತು, ಬಿದ್ದೆ, ಬಾಗಿಲು ಎಂಬ ಯಾವ ಮಾತು ಬಂದರೂ ಅದೇ ದಿನ ಸುರಕ್ಷತಾ ವಿಭಾಗಕ್ಕೆ ಹೋಗಬೇಕು, ಆ ಟ್ರಾಮಿನ ವೇಗದ ದಾಖಲೆ ಅಳಿಯುವ ಮುನ್ನ ಇಳಿಸಿಕೊಳ್ಳಬೇಕು.

ಗಾಜು, ಬೆಳಕು, ಹೊರಬರುವ ದಾರಿ

ಉರುಳಿದ ಟ್ರಾಮಿನಲ್ಲಿ ಜನ ಸತ್ತದ್ದು, ತೀವ್ರವಾಗಿ ಗಾಯಗೊಂಡದ್ದು ಹೆಚ್ಚಾಗಿ ಒಡೆದ ಕಿಟಕಿ ಬಾಗಿಲುಗಳಿಂದ ಹೊರಕ್ಕೆ ಎಸೆಯಲ್ಪಟ್ಟು. ಬರೀ ಗಟ್ಟಿಗೊಳಿಸಿದ ಗಾಜು ಪೆಟ್ಟು ಬಿದ್ದರೆ ಹರಳು ಹರಳಾಗಿ ಉದುರಿ ಬಾಯಿ ತೆರೆದುಕೊಳ್ಳುತ್ತದೆ. ಪದರ ಸೇರಿಸಿದ ಲ್ಯಾಮಿನೇಟೆಡ್ ಗಾಜು ಬಿರುಕು ಬಿಟ್ಟರೂ ಹಾಳೆಯಾಗಿ ಉಳಿದು ಒಳಗಿನವರನ್ನು ತಡೆಯುತ್ತದೆ. ಹೊಸ ಟ್ರಾಮ್ ಕೊಳ್ಳುವಾಗ ಇದನ್ನೇ ಕೇಳಿ. ಹಳೆಯವಕ್ಕೆ ಒಳಮೈಗೆ ದಪ್ಪ ಫಿಲ್ಮ್ ಅಂಟಿಸಬಹುದು. ಕ್ರಾಯ್ಡನ್‌ನಲ್ಲಿ 100 ಮೈಕ್ರಾನ್‌ನಿಂದ 175ಕ್ಕೆ ಏರಿಸಿದರು. ಫಿಲ್ಮಿನ ಅಂಚು ರಬ್ಬರಿನ ತನಕ ಬರದೆ ನಡುವೆಯೇ ನಿಂತಿದ್ದರೆ ಗಾಜು ಅಂಚಿನಲ್ಲಿ ಕಿತ್ತುಬರುತ್ತದೆ, ಆದ್ದರಿಂದ ಅಂಟಿಸುವಾಗ ಮೂಲೆಗಳನ್ನು ನೋಡಿ.

ತುರ್ತು ದೀಪಕ್ಕೆ ಮುಖ್ಯ ಬ್ಯಾಟರಿಯ ಹಂಗು ಇರಬಾರದು. ಪಕ್ಕಕ್ಕೆ ಉರುಳಿದ ಟ್ರಾಮಿನಲ್ಲಿ ಬಾಗಿಲುಗಳು ಒಂದೋ ನೆಲಕ್ಕೆ ಅಂಟಿರುತ್ತವೆ, ಇಲ್ಲವೇ ತಲೆಯ ಮೇಲಿರುತ್ತವೆ. ಮುಂದಿನ ಅಥವಾ ಹಿಂದಿನ ಗಾಜಿನ ಮೂಲಕ ಜನರನ್ನು ಹೊರತರುವುದು ಹೇಗೆಂದು ಅಗ್ನಿಶಾಮಕ ದಳದೊಂದಿಗೆ ಕೂತು ಮೊದಲೇ ಅಭ್ಯಾಸ ಮಾಡಿ.

ದಿನನಿತ್ಯದ ಬೀಳುವಿಕೆ

ಉರುಳುವ ಅಪಘಾತ ಅಪರೂಪ. ಗಕ್ಕನೆ ಬ್ರೇಕ್ ಬಿದ್ದಾಗ ನಿಂತವರು ಮುಗ್ಗರಿಸುವುದು ದಿನದ ಮಾತು. ಹಳಿಗೆ ಕಚ್ಚುವ ಕಾಂತ ಬ್ರೇಕ್ ಸೇರಿದರೆ ಟ್ರಾಮ್ 2.5 ಮೀ/ಸೆ² ಬಲದಲ್ಲಿ ನಿಲ್ಲಬಲ್ಲದು: 50 ಕಿ.ಮೀ. ವೇಗದಿಂದ ಸುಮಾರು 39 ಮೀಟರಿನಲ್ಲಿ. ದಾರಿಹೋಕರನ್ನು ಉಳಿಸುವ ಇದೇ ಬ್ರೇಕ್ ಒಳಗೆ ನಿಂತವರನ್ನು ಕೆಡವುತ್ತದೆ. ಎಲ್ಲಿ ನಿಂತರೂ ಕೈಗೆಟುಕುವಂತೆ ಕಂಬಿ ಇರಲಿ, ಮಕ್ಕಳಿಗೂ ಕುಳ್ಳಗಿರುವವರಿಗೂ ಸೀಟಿನ ಬೆನ್ನಿಗೆ ಹಿಡಿಕೆ ಇರಲಿ. ವಯಸ್ಸಾದವರು ಕೂರುವ ತನಕ ಹೊರಡಬಾರದು ಎಂಬುದನ್ನು ವೇಳಾಪಟ್ಟಿಯಲ್ಲೇ ಸೇರಿಸಿ. ನಿಲ್ದಾಣದಲ್ಲಿ ಅಷ್ಟು ಸೆಕೆಂಡ್ ಕೊಡದೆ ಚಾಲಕನಿಗೆ ಬರೀ ಸೂಚನೆ ಕೊಟ್ಟರೆ ಅದು ಪಾಲನೆಯಾಗುವುದಿಲ್ಲ. ಸೀರೆಯ ಸೆರಗು, ದುಪಟ್ಟಾ, ಚೀಲದ ಪಟ್ಟಿಯಂಥ ತೆಳು ವಸ್ತುಗಳು ಬಾಗಿಲ ಅಂಚಿನ ಸಂವೇದಕಕ್ಕೆ ಗೊತ್ತಾಗದೇ ಹೋಗಬಹುದು. ಪರೀಕ್ಷೆಯಲ್ಲಿ ಮರದ ತುಂಡಿನ ಜೊತೆ ಬಟ್ಟೆಯನ್ನೂ ಸಿಕ್ಕಿಸಿ ನೋಡಬೇಕು.

ನಿಲ್ದಾಣ

ರಸ್ತೆಯ ನಡುವೆ ಇಳಿದು ಕಾರುಗಳ ಸಾಲು ದಾಟಿ ಪಾದಚಾರಿ ಮಾರ್ಗ ಸೇರಬೇಕಾದ ಕಡೆ ಅಪಾಯ ಹೆಚ್ಚು. ಕೋಲ್ಕತ್ತದಲ್ಲಿ ಇದು ಹಳೆಯ ಸಮಸ್ಯೆ. ಮೆಲ್ಬರ್ನ್‌ನಲ್ಲಿ ಕಾನೂನೇ ಇದೆ: ಅಂಥ ನಿಲ್ದಾಣದಲ್ಲಿ ಟ್ರಾಮ್ ನಿಂತರೆ ವಾಹನಗಳು ಅದರ ಹಿಂಭಾಗದ ಸಾಲಿಗೇ ನಿಲ್ಲಬೇಕು, ಬಾಗಿಲು ಮುಚ್ಚಿ, ರಸ್ತೆ ದಾಟುವವರು ಇಲ್ಲವಾದ ಮೇಲೆ 10 ಕಿ.ಮೀ. ಮೀರದ ವೇಗದಲ್ಲಿ ಮುಂದೆ ಹೋಗಬಹುದು. ಅಲ್ಲಿರುವ ಕನ್ನಡಿಗರು, ಅದರಲ್ಲೂ ಊರಿಂದ ಬಂದ ಅಪ್ಪ ಅಮ್ಮಂದಿರನ್ನು ಕರೆದೊಯ್ಯುವವರು, ಕಾರು ನಿಂತದ್ದನ್ನು ಕಣ್ಣಾರೆ ಕಂಡ ಮೇಲೆಯೇ ಕಾಲು ಕೆಳಗಿಡಿ. ಕಾನೂನು ಎಲ್ಲರಿಗೂ ನೆನಪಿರುವುದಿಲ್ಲ.

ಶಾಶ್ವತ ಪರಿಹಾರ ಎತ್ತರಿಸಿದ ನಿಲ್ದಾಣ. ಗಾಲಿಕುರ್ಚಿ ಹಲಗೆಯಿಲ್ಲದೆ ಹತ್ತಬೇಕಾದರೆ ಅಂಚಿಗೂ ಬಾಗಿಲಿಗೂ ಅಡ್ಡಕ್ಕೆ 75 ಮಿ.ಮೀ., ಎತ್ತರದಲ್ಲಿ 50 ಮಿ.ಮೀ. ಮೀರಿದ ಅಂತರ ಇರಬಾರದು. ಉದ್ಘಾಟನೆಯ ದಿನ ಸರಿಯಿದ್ದದ್ದು ಹಾಗೇ ಉಳಿಯುವುದಿಲ್ಲ. ಗಾಲಿಯ ವ್ಯಾಸ 60 ಮಿ.ಮೀ. ಸವೆದರೆ ನೆಲ 30 ಮಿ.ಮೀ. ತಗ್ಗುತ್ತದೆ, ಹಳಿಯ ಸವೆತ, ಸ್ಪ್ರಿಂಗಿನ ಕುಸಿತ ಬೇರೆ. ಮೂರು ತಿಂಗಳಿಗೊಮ್ಮೆ ಪ್ರತಿ ನಿಲ್ದಾಣದಲ್ಲೂ ಹೆಚ್ಚು ಸವೆದ ಗಾಲಿಯ ಟ್ರಾಮನ್ನೇ ತಂದು ನಿಲ್ಲಿಸಿ, ಖಾಲಿ ಇದ್ದಾಗಲೂ ತುಂಬಿದ್ದಾಗಲೂ ಪ್ರತಿ ಬಾಗಿಲಲ್ಲಿ ಅಳೆಯಿರಿ. ತಿರುವಿನ ಮೇಲಿರುವ ನಿಲ್ದಾಣಗಳಲ್ಲಿ ಮೊದಲ ಮತ್ತು ಕೊನೆಯ ಬಾಗಿಲ ಅಂತರ ನಡುವಿನದಕ್ಕಿಂತ ಬೇರೆಯಾಗಿರುತ್ತದೆ, ಅವನ್ನು ಪ್ರತ್ಯೇಕವಾಗಿ ಬರೆದಿಡಿ.