ಬಾತುಕೋಳಿ ಕಾಲಿನ ಗಂಟು: ನಾನು ವಾಸಿ ಮಾಡಿದ್ದು ಹಿಂಗೆ

ಪಾದದಲ್ಲಿ ಗಂಟು ಎದ್ದ ಬಾತುಕೋಳಿ ಉಳಿಯಲ್ಲ, ಕುಯ್ದು ಸಾರು ಮಾಡ್ಕೊ ಅಂತ ನಮ್ಮೂರಲ್ಲಿ ಹೇಳದೆ ಇದ್ದೋರೇ ಇಲ್ಲ. ಈಗ ಅದೇ ವೈಟ್ ಪೆಕಿನ್‌ಗಳು ಹಿತ್ತಲಲ್ಲಿ ಓಡಾಡ್ಕೊಂಡಿವೆ, ಹಂಗಂದೋರೇ ಬಂದು ಏನ್ ಹಾಕ್ದೆ ಅಂತ ಕೇಳ್ತವ್ರೆ, ಅದಕ್ಕೇ ಬರೀತಿದೀನಿ.

ಖಾಕಿ ಕ್ಯಾಂಪ್‌ಬೆಲ್‌ಗೆ ಅಷ್ಟಾಗಿ ಬರ್ಲಿಲ್ಲ, ಅವು ಹಗುರ ಜಾತಿ ಬಾತು, 2 ಕೆಜಿ ಆಸುಪಾಸು. ಪೆಕಿನ್ ಮೂರು ಮೂರೂವರೆ ತೂಗ್ತವೆ, ಅಷ್ಟೂ ಭಾರ ಪಾದದ ಮೇಲೇನೆ. ನಮ್ಮದು ಪಾಂಡವಪುರ ಕಡೆ. ವಿ.ಸಿ. (ವಿಶ್ವೇಶ್ವರಯ್ಯ) ನಾಲೇಲಿ ನೀರಿದ್ರೆ ದಿನವೆಲ್ಲ ಈಜ್ಕೊಂಡಿರ್ತವೆ, ಕಟ್ಟು ಪದ್ಧತಿ, ಅಂದ್ರೆ ಕೆಲವು ದಿನ ಬಿಟ್ಟು ಕೆಲವು ದಿನ ನಿಲ್ಸೋದು, ಅಂತ ನೀರು ನಿಲ್ಸಿದ್ರೋ ಸಿಮೆಂಟ್ ಅಂಗಳದಲ್ಲೇ ನಿಂತಿರ್ತವೆ, ಆಗ್ಲೇ ಕುಂಟೋಕೆ ಶುರು.

ಮೊದ್ಲು ಅರಿಶಿನ, ಕೊಬ್ಬರಿ ಎಣ್ಣೆ. ನೀರಿಗೆ ಇಳಿದ ತಕ್ಷಣ ಎಲ್ಲ ತೊಳ್ಕೊಂಡೋಯ್ತು. ಮೈಲುತುತ್ತ ಹಚ್ಚು ಅಂದ್ರು ಒಬ್ರು, ಕೊಕ್ಕಲ್ಲಿ ಕಾಲು ಕೆದಕೋ ಹಕ್ಕಿಗೆ ಅದು ವಿಷ, ಮುಟ್ಲಿಲ್ಲ. ಡಾಕ್ಟರ್ ಹತ್ರ ಆಂಟಿಬಯೋಟಿಕ್ ಇಂಜೆಕ್ಷನ್ ಕೊಡಿಸ್ದೆ, ಊತ ಇಳೀತು, ಅದೇ ಸಿಮೆಂಟ್ ಮೇಲೆ ಬಿಟ್ಟಿದ್ದಕ್ಕೆ ಮತ್ತೆ ಬಂತು. ಹಕ್ಕಿ ತಂದಿದ್ದು ತಲಾ ನಾನೂರಕ್ಕೆ, ಖರ್ಚು ಎರಡು ಸಾವಿರ ದಾಟ್ತು, ಔಷಧಿ ಅಂಶ ಇರತ್ತೆ ಅಂತ ಮೊಟ್ಟೇನೂ ಅಷ್ಟು ದಿನ ಬಿಸಾಕಿದ್ದೇ.

ಆಮೇಲೆ ಹಿಡಿದ ದಾರಿ ಇದು. ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಎರಡು ಹಿಡಿ ಎಪ್ಸಮ್ ಸಾಲ್ಟ್ (ಮೆಗ್ನೀಸಿಯಮ್ ಸಲ್ಫೇಟ್ ಉಪ್ಪು), ಕಾಲು ಗಂಟೆ ನಿಲ್ಸೋದು, ದಿನಾ. ಕುಡಿಯೋಕೆ ಬಿಡ್ಬೇಡಿ, ಭೇದಿ ಹತ್ಕೊಳತ್ತೆ. ನಾಲ್ಕೈದು ದಿನಕ್ಕೆ ನಡುವಿನ ಕಪ್ಪು ಹಕ್ಕಳೆ ಮೆತ್ತಗಾಗಿ ಅಂಚು ಬಿಡ್ತು, ಒತ್ತಿದ್ರೆ ಒಳಗಿಂದ ಜೋಳದ ಕಾಳಿನ ಥರ ಗಟ್ಟಿ ಬಿಳೀ ಕೀವು ಈಚೆ ಬಂತು. ಕೋಳಿ ಬಾತುಗಳ ಕೀವು ನೀರಾಗಿರಲ್ಲ, ಹಿಂಗೇ ಗಡ್ಡೆ ಕಟ್ಟಿರತ್ತೆ. ಬ್ಲೇಡ್ ಹಾಕ್ಲೇ ಇಲ್ಲ. ಆದ್ರೆ ಊತ ಮೇಲಕ್ಕೆ ಹತ್ತಿ ಕಾಲು ಸುಡ್ತಾ ಇದ್ರೆ ನೇರ ಡಾಕ್ಟರ್ ಹತ್ರ ಹೋಗಿ. ಕೀವು ತೆಗೆದ ಮೇಲೆ ಬೆಟಾಡಿನ್, ಗಾಜ್ ಬಟ್ಟೆ, ಮೇಲೆ ಅಂಟೋ ಬ್ಯಾಂಡೇಜ್, ಅದರ ಮೇಲೆ ಸೈಕಲ್ ಟ್ಯೂಬಲ್ಲಿ ಕತ್ತರಿಸಿದ ಶೂ. ಬೆರಳು ಊದ್ಕೊಂಡ್ರೆ ಬಿಗಿ ಜಾಸ್ತಿ ಅಂತ. ಜಾರದ ಹಂಗೆ ಕಟ್ಟೋದು ಹೆಂಗೆ ಅಂತ ಮನೆಗೆ ಬಂದೋರಿಗಷ್ಟೇ ತೋರಿಸ್ತೀನಿ ಬಿಡಿ.

ಅಸಲಿ ಕೆಲಸ ನೆಲದ್ದು. ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು) ಹಾಕ್ಬೇಡಿ, ಅದರ ಮೂಲೆಗಳು ಚೂಪು, ಅಂಗಾಲು ಕೀರಿ ಸ್ಟ್ಯಾಫಿಲೊಕಾಕಸ್ ಅನ್ನೋ ಕೀವು ಮಾಡೋ ಬ್ಯಾಕ್ಟೀರಿಯಾ ಒಳಗೆ ಹೋಗೋಕೆ ಅದೇ ದಾರಿ. ಹಳೇ ಮನೆ ಕೆಡವಿದ ಕಡೆ ಉಳಿದಿದ್ದ ಹೊಳೆ ಮರಳು ಒಂದು ಟ್ರಾಕ್ಟರ್ ಎಂಟ್ನೂರಕ್ಕೋ ಸಾವಿರಕ್ಕೋ ಸಿಕ್ತು, ಗೂಡಲ್ಲಿ ಮಿಲ್ಲಿನ ಭತ್ತದ ಹೊಟ್ಟು. ಆಲೆಮನೆ ಕಬ್ಬಿನ ಸಿಪ್ಪೆ ಪುಕ್ಕಟೆ ಅಂತ ಒಂದ್ಸಲ ಹಾಸಿ ನೋಡ್ದೆ, ಮಳೆಗಾಲಕ್ಕೆ ಬೂಷ್ಟು ಹಿಡೀತು, ಬೂಷ್ಟು ಉಸಿರಾಟಕ್ಕೆ ಕೆಟ್ಟದ್ದು, ಬಾಚಿ ಗೊಬ್ಬರಕ್ಕೆ ಹಾಕ್ದೆ. ಕುಡಿಯೋ ನೀರಿನ ಕೆಳಗೆ ಜಾಲರಿ ಇಟ್ಟೆ, ಹೊಟ್ಟು ನೆನೆಯಲ್ಲ. ಒಡೆದ ಸಿಂಟೆಕ್ಸ್ ಕುಯ್ದು ಈಜೋಕೆ ತೊಟ್ಟಿ ಮಾಡ್ದೆ, ನೆಗೆದು ಇಳೀಬಾರ್ದು ಅಂತ ಹಲಗೆ ಇಳಿಜಾರು. ವಿಟಮಿನ್ ಎ ಕಮ್ಮಿ ಆದ್ರೂ ಪಾದದ ಚರ್ಮ ಬಿರಿಯತ್ತೆ, ಅದಕ್ಕೆ ನುಗ್ಗೆಸೊಪ್ಪು ಹೆಚ್ಚಿ ಹಾಕ್ತೀನಿ, ಸೊಪ್ಪು ಕಂಡ್ರೆ ಮೇಲೆ ಬಿದ್ದು ತಿಂತವೆ.

ವಾರಕ್ಕೊಂದ್ಸಲ ಗೂಡಿಗೆ ಸೇರಿಸೋವಾಗ ಒಂದೊಂದನ್ನೇ ಎತ್ತಿ ಅಂಗಾಲು ನೋಡ್ತೀನಿ, ಕೆಂಪಗಿದ್ರೆ ಅವತ್ತೇ ಬಕೆಟ್. ಕೀವು ಮುಟ್ಟೋವಾಗ ಗ್ಲೌಸ್ ಹಾಕ್ಕೊಳ್ಳಿ, ಅದು ನಮ್ಮ ಕೈ ಗಾಯಕ್ಕೂ ಹತ್ತತ್ತೆ.